ಗ್ರೀಕ್ ನಗರರಾಜ್ಯಗಳಲ್ಲಿ ಸೈನಿಕ ಶಿಕ್ಷಣ ಮತ್ತು ಪೌರತ್ವ

ಪ್ರಾಚೀನ ಗ್ರೀಸಿನ ಚರಿತ್ರೆಯನ್ನು ಬೋಧಿಸುವಾಗ ಸ್ಪಾರ್ಟಾ ಮತ್ತು ಅಥೆನ್ಸ್ ನಗರಗಳನ್ನು ಎದುರುಬದುರಾಗಿ ನಿಲ್ಲಿಸಿ ವಿವರಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ. ಸ್ಪಾರ್ಟಾ ಒಂದು ಸೈನಿಕ ಪಾಳೆಯ, ಅಥೆನ್ಸ್ ಒಂದು ವಿದ್ಯಾಪೀಠ. ಅಲ್ಲಿ ಕಟ್ಟುನಿಟ್ಟಾದ ಶಿಸ್ತು, ಇಲ್ಲಿ ಸ್ವತಂತ್ರವಾದ ಬಾಳು. ಅಲ್ಲಿ ಬಾಲ್ಯದಿಂದಲೇ ಯುದ್ಧಶಿಕ್ಷಣ, ಇಲ್ಲಿ ಸಮಯ ಬಂದಾಗ ಪ್ರಕಟವಾಗುವ ಸಹಜ ಶೌರ್ಯ ಎಂಬ ಈ ಚಿತ್ರವು ನೆನಪಿನಲ್ಲಿಡಲು ಸುಲಭವಾದುದು. ಇದರ ಮೂಲವೂ ಸಾಮಾನ್ಯವಾದುದಲ್ಲ. ಪೆಲೊಪೊನೀಷಿಯನ್ ಯುದ್ಧದ ಮೊದಲನೆಯ ವರ್ಷದಲ್ಲಿ ಮಡಿದ ಯೋಧರ ಉತ್ತರಕ್ರಿಯೆಯ ಸಂದರ್ಭದಲ್ಲಿ, ಎಂದರೆ ಕ್ರಿ. ಪೂ. ೪೩೧ರ ಚಳಿಗಾಲದಲ್ಲಿ, ಪೆರಿಕ್ಲೀಸನು ಮಾಡಿದನೆಂದು ಥ್ಯೂಸಿಡಿಡೀಸನು ಬರೆದಿಟ್ಟಿರುವ ಭಾಷಣದಲ್ಲಿ ಈ ವ್ಯತ್ಯಾಸವನ್ನು ಅಥೆನ್ಸಿನ ಹೆಮ್ಮೆಯಾಗಿಯೇ ಸಾರಲಾಗಿದೆ. ಶತ್ರುಗಳು ಎಳೆಯ ವಯಸ್ಸಿನಿಂದ ಶ್ರಮಪಟ್ಟು ಪೌರುಷವನ್ನು ಅಭ್ಯಾಸಮಾಡುತ್ತಾರೆ, ಅಥೆನ್ಸಿನವರಾದರೋ ನಿರಾಯಾಸವಾಗಿ ಬದುಕಿಯೂ ಅವರಿಗೆ ಸಮನಾದ ಅಪಾಯಗಳನ್ನು ಎದುರಿಸುತ್ತಾರೆ ಎಂಬುದು ಅಲ್ಲಿನ ಭಾವ.

ಈ ಚಿತ್ರವು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅದು ಎರಡು ಜನಾಂಗಗಳ ಸ್ವಭಾವವನ್ನು ವರ್ಣಿಸಿ ಅಲ್ಲಿಗೇ ನಿಂತುಬಿಡುತ್ತದೆ. ಆ ನಗರಗಳಲ್ಲಿ ಯಾರಿಗೆ ಶಿಕ್ಷಣ ದೊರೆಯುತ್ತಿದ್ದಿತು, ಯಾವ ವಿದ್ಯೆಯಲ್ಲಿ ದೊರೆಯುತ್ತಿದ್ದಿತು, ಅದಕ್ಕೆ ಬೇಕಾದ ಬಿಡುವನ್ನು ಯಾರ ದುಡಿಮೆ ಒದಗಿಸುತ್ತಿದ್ದಿತು ಎಂಬ ಪ್ರಶ್ನೆಗಳನ್ನು ಕೇಳಿದೊಡನೆಯೇ ಚಿತ್ರದ ರೂಪ ಬದಲಾಗುತ್ತದೆ. ಪ್ರಸ್ತುತ ಲೇಖನದಲ್ಲಿ ಸ್ಪಾರ್ಟಾ, ಅಥೆನ್ಸ್, ಆರ್ಗೋಸ್ ಮತ್ತು ಥೀಬ್ಸ್ ನಗರಗಳ ಏರ್ಪಾಟುಗಳನ್ನು ಈ ಮೂರು ಪ್ರಶ್ನೆಗಳ ಬೆಳಕಿನಲ್ಲಿ ಹೋಲಿಸಿ ನೋಡುವುದು ನಮ್ಮ ಉದ್ದೇಶ. ಗ್ರೀಕ್ ನಗರವೊಂದರ ಸೈನಿಕ ಶಿಕ್ಷಣವು ಆ ನಗರದ ಪೌರತ್ವದ ಏರ್ಪಾಟಿನಿಂದ ಹುಟ್ಟಿದುದು, ಅದರ ಬಲಕ್ಕೂ ಅದರ ಭಂಗಕ್ಕೂ ಕಾರಣವನ್ನು ಅಲ್ಲಿಯೇ ಹುಡುಕಬೇಕು ಎಂಬುದು ನಾವು ಪ್ರತಿಪಾದಿಸಬಯಸುವ ಅಂಶ.

೧. ಸಮಾನವಾದ ಹಿನ್ನೆಲೆ

ವ್ಯತ್ಯಾಸಗಳನ್ನು ಹೇಳುವ ಮೊದಲು ಎಲ್ಲ ನಗರಗಳಿಗೂ ಸಮಾನವಾಗಿದ್ದ ಅಂಶಗಳನ್ನು ನೋಡುವುದು ಉಚಿತ. ಕ್ರಿ. ಪೂ. ಐದನೆಯ ಶತಮಾನದ ಗ್ರೀಕ್ ಭೂಸೈನ್ಯದ ಬೆನ್ನೆಲುಬು ಹೊಪ್ಲೈಟ್ ಎಂದು ಕರೆಯಲ್ಪಡುತ್ತಿದ್ದ ಭಾರಿ ಆಯುಧಗಳ ಪದಾತಿ. ಸುಮಾರು ೩ ಅಡಿ ವ್ಯಾಸದ ದುಂಡನೆಯ ಗುರಾಣಿ, ೭-೮ ಅಡಿ ಉದ್ದದ ಈಟಿ, ಒಂದು ಗಿಡ್ಡ ಕತ್ತಿ, ಕಂಚಿನ ಶಿರಸ್ತ್ರಾಣ ಇವು ಅವನ ಸಾಧನಗಳು. ಈ ಯೋಧರು ಸಾಲುಸಾಲಾಗಿ ಒತ್ತಾಗಿ ನಿಂತಾಗ ರಚಿತವಾಗುತ್ತಿದ್ದ ವ್ಯೂಹಕ್ಕೆ ಫ್ಯಾಲಾಂಕ್ಸ್ ಎಂದು ಹೆಸರು. ಗುರಾಣಿಯನ್ನು ಎಡಗೈಯಲ್ಲಿ ಹಿಡಿಯುತ್ತಿದ್ದುದರಿಂದ ಪ್ರತಿಯೊಬ್ಬನ ಬಲಪಾರ್ಶ್ವಕ್ಕೆ ನೆರೆಯವನ ಗುರಾಣಿಯೇ ಆಸರೆ. ಆದಕಾರಣ ಎಲ್ಲ ಸೈನ್ಯಗಳೂ ಮುನ್ನಡೆಯುವಾಗ ಬಲಕ್ಕೆ ಸರಿಯುವುದು ಸಹಜವೆಂದು ಥ್ಯೂಸಿಡಿಡೀಸನು ಗಮನಿಸಿದ್ದಾನೆ. ಒಬ್ಬ ವೀರನ ಕೈಚಳಕಕ್ಕಿಂತ ಸಾಲು ಕದಲದಿರುವುದೇ ಇಲ್ಲಿ ಮುಖ್ಯವಾಗಿದ್ದಿತು.

ಈ ಆಯುಧಗಳನ್ನು ಪೌರನು ಸಾಮಾನ್ಯವಾಗಿ ತನ್ನ ಸ್ವಂತ ಖರ್ಚಿನಿಂದಲೇ ಒದಗಿಸಿಕೊಳ್ಳಬೇಕಾಗಿದ್ದಿತು. ಆದ್ದರಿಂದ ಹೊಪ್ಲೈಟ್ ಆಗುವ ಯೋಗ್ಯತೆ ಮೂಲತಃ ಆಸ್ತಿಯ ಯೋಗ್ಯತೆ. ಅಥೆನ್ಸಿನಲ್ಲಿ ಸೋಲನನು ಪೌರರನ್ನು ನಾಲ್ಕು ವರ್ಗಗಳಾಗಿ ವಿಂಗಡಿಸಿದಾಗ ಜಮೀನಿನ ಉತ್ಪತ್ತಿಯೇ ಅಳತೆಗೋಲಾಗಿದ್ದಿತು. ಥೀಟ್ ಎಂಬ ಕೊನೆಯ ವರ್ಗದ ಬಡ ಪೌರರು ಸಾಲಿನ ಹೊರಗೇ ಉಳಿದರು. ನಗರದ ರಾಜಕೀಯದಲ್ಲಿ ಯಾರಿಗೆ ಎಷ್ಟು ಪಾಲು ಎಂಬುದಕ್ಕೂ ವ್ಯೂಹದಲ್ಲಿ ಯಾರು ಎಲ್ಲಿ ನಿಲ್ಲುತ್ತಿದ್ದರು ಎಂಬುದಕ್ಕೂ ಇದ್ದ ಈ ಸಂಬಂಧವನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದೊಂದೇ ನಗರವನ್ನು ನೋಡೋಣ.

೨. ಸ್ಪಾರ್ಟಾದ ಶಿಕ್ಷಣ

ಸ್ಪಾರ್ಟಾದ ಶಿಕ್ಷಣಕ್ರಮದ ವಿಷಯದಲ್ಲಿ ನಮಗಿರುವ ಮುಖ್ಯ ಆಧಾರಗಳು ಎರಡು: ಕ್ರಿ. ಪೂ. ನಾಲ್ಕನೆಯ ಶತಮಾನದಲ್ಲಿ ಅಲ್ಲಿನ ಅರಸನಾದ ಅಜೆಸಿಲಾಸನ ಸ್ನೇಹಿತನಾಗಿದ್ದ ಕ್ಸೆನೊಫನನ ಒಂದು ಚಿಕ್ಕ ಗ್ರಂಥ, ಮತ್ತು ಅದಕ್ಕೆ ಸುಮಾರು ೫೦೦ ವರ್ಷಗಳ ತರುವಾಯ ಪ್ಲುಟಾರ್ಕನು ಬರೆದ ಲೈಕರ್ಗಸನ ಚರಿತ್ರೆ. ಇಬ್ಬರೂ ಆ ಪದ್ಧತಿಯನ್ನು ಮೆಚ್ಚಿದವರು. ಪ್ಲುಟಾರ್ಕನ ಕಾಲಕ್ಕೆ ಸ್ಪಾರ್ಟಾ ರೋಮ್ ಸಾಮ್ರಾಜ್ಯದ ಒಂದು ಊರಾಗಿದ್ದು, ಆರ್ಟೆಮಿಸ್ ಆರ್ಥಿಯಾ ದೇವಿಯ ಬಲಿಪೀಠದ ಮುಂದೆ ಬಾಲಕರನ್ನು ಛಡಿಗಳಿಂದ ಹೊಡೆಯುವುದು ಪರಸ್ಥಳದವರು ಬಂದು ನೋಡುವ ಪ್ರದರ್ಶನವಾಗಿ ಪರಿಣಮಿಸಿದ್ದಿತು. ಮುಂದೆ ಪ್ರೇಕ್ಷಕರಿಗಾಗಿ ಅಲ್ಲಿ ಕಲ್ಲಿನ ಆಸನಗಳನ್ನೂ ಕಟ್ಟಲಾಯಿತು. ಫ್ರೆಂಚ್ ವಿದ್ವಾಂಸನಾದ ಫ್ರಾಂಸ್ವಾ ಒಲಿಯೆ ೧೯೩೩ರಲ್ಲಿ ಸ್ಪಾರ್ಟಾದ ಈ ಆದರ್ಶಚಿತ್ರವನ್ನು ಮರೀಚಿಕೆಯೆಂದು ಕರೆದುದು ಸುಪ್ರಸಿದ್ಧವಾಗಿದೆ. ಆದ್ದರಿಂದ ಪಠ್ಯಪುಸ್ತಕಗಳ ರೋಚಕ ವಿವರಗಳನ್ನು ಬದಿಗಿಟ್ಟು, ಹಳೆಯ ಆಧಾರಗಳನ್ನೇ ಆಶ್ರಯಿಸುವುದು ಕ್ಷೇಮ.

ಪೌರರ ಮಕ್ಕಳು ೭ನೆಯ ವಯಸ್ಸಿನಿಂದ ರಾಜ್ಯವು ನೇಮಿಸಿದ ಒಬ್ಬ ಅಧಿಕಾರಿಯ ವಶಕ್ಕೆ ಬರುತ್ತಿದ್ದರು. ಬರಿಗಾಲಿನಲ್ಲಿ ನಡೆಯುವುದು, ವರ್ಷವಿಡೀ ಒಂದೇ ಹೊದಿಕೆಯಿಂದ ತೃಪ್ತರಾಗಿರುವುದು, ಅರೆಹೊಟ್ಟೆಯಲ್ಲಿರುವುದು, ಬೇಕಾದರೆ ಆಹಾರವನ್ನು ಕದ್ದು ತಿನ್ನುವುದು, ಸಿಕ್ಕಿಬಿದ್ದರೆ ಏಟು ತಿನ್ನುವುದು ಇವನ್ನೆಲ್ಲ ಕ್ಸೆನೊಫನನು ವಿವರಿಸುತ್ತಾನೆ. ಗಮನಿಸಬೇಕಾದ ಅಂಶವೆಂದರೆ, ಈ ಬಾಲಶಿಕ್ಷಣದ ವರ್ಣನೆಯಲ್ಲಿ ಆಯುಧವಿದ್ಯೆಯ ಮಾತು ಅತಿ ವಿರಳ. ಅಲ್ಲಿ ಕಲಿಸುತ್ತಿದ್ದುದು ಸಹನೆ, ವಿಧೇಯತೆ ಮತ್ತು ಮಾನಾಪಮಾನಗಳ ಪ್ರಜ್ಞೆ.

ನಿಜವಾದ ಯುದ್ಧಕೌಶಲವು ಪ್ರಾಪ್ತವಯಸ್ಕರ ಕವಾಯತಿನಲ್ಲಿದ್ದಿತು. ಥ್ಯೂಸಿಡಿಡೀಸನು ಕ್ರಿ. ಪೂ. ೪೧೮ರ ಮ್ಯಾಂಟಿನೀಯ ಯುದ್ಧವನ್ನು ವರ್ಣಿಸುವಾಗ, ಅರಸನ ಆಜ್ಞೆಯು ಮೇಲಧಿಕಾರಿಗಳಿಂದ ಕೆಳಗಿನ ದಳನಾಯಕರಿಗೂ ಅವರಿಂದ ಎನೊಮೊಟಿಯಾ ಎಂಬ ಅತಿ ಚಿಕ್ಕ ತಂಡದ ಮುಖಂಡನಿಗೂ ಹಂತಹಂತವಾಗಿ ಇಳಿಯುವ ಕ್ರಮವನ್ನು ಹೇಳಿ, ಆ ಸೈನ್ಯದಲ್ಲಿ ಬಹುಮಟ್ಟಿಗೆ ಎಲ್ಲರೂ ನಾಯಕರ ಮೇಲಿನ ನಾಯಕರೇ ಎಂದು ಬೆರಗಾಗುತ್ತಾನೆ. ಅಂದು ಎದುರು ಸೈನ್ಯವು ಆವೇಶದಿಂದ ನುಗ್ಗಿ ಬರುತ್ತಿದ್ದರೆ ಸ್ಪಾರ್ಟಾದವರು ಕೊಳಲಿನ ಲಯಕ್ಕೆ ಹೆಜ್ಜೆಯಿಟ್ಟು ನಿಧಾನವಾಗಿ ನಡೆದರು. ಹೆಜ್ಜೆ ತಪ್ಪಿದರೆ ಸಾಲು ಒಡೆಯುತ್ತದೆ ಎಂಬುದೇ ಇದಕ್ಕೆ ಕಾರಣವೆಂದು ಅವನು ಸ್ಪಷ್ಟಪಡಿಸಿದ್ದಾನೆ. ಇತರ ನಗರಗಳಲ್ಲಿ ಇಂತಹ ಸೂಕ್ಷ್ಮವಾದ ಅಧಿಕಾರಶ್ರೇಣಿಯಾಗಲಿ ಕ್ರಮಬದ್ಧವಾದ ನಡಿಗೆಯಾಗಲಿ ಇರಲಿಲ್ಲ.

ಆದರೆ ಈ ಮೇಲ್ಮೆ ಸಾಪೇಕ್ಷವಾದುದು. ಅರಿಸ್ಟಾಟಲನು ತನ್ನ ರಾಜನೀತಿ ಗ್ರಂಥದಲ್ಲಿ ಇದನ್ನು ಬಹು ಚೆನ್ನಾಗಿ ತೂಗಿದ್ದಾನೆ. ಸ್ಪಾರ್ಟಾದವರು ಇತರರನ್ನು ಮೀರಿಸಿದ್ದುದು ಅವರ ಶಿಕ್ಷಣದ ರೀತಿಯಿಂದಲ್ಲ, ಇತರರು ಶಿಕ್ಷಣವನ್ನೇ ಪಡೆಯದಿದ್ದಾಗ ಅವರು ಪಡೆದಿದ್ದರು ಎಂಬುದರಿಂದ ಮಾತ್ರ ಎಂಬುದು ಅವನ ಅಭಿಪ್ರಾಯ. ಹಾಗಾದರೆ ಇತರರು ಏಕೆ ಪಡೆಯಲಿಲ್ಲ? ಶಿಕ್ಷಣಕ್ಕೆ ಬಿಡುವು ಬೇಕು. ರೈತನಿಗಾಗಲಿ ಕುಶಲಕರ್ಮಿಗಾಗಲಿ ಆ ಬಿಡುವು ಇರಲಿಲ್ಲ.

೩. ಬಿಡುವಿನ ಬೆಲೆ

ಸ್ಪಾರ್ಟಾದ ಪೌರನಿಗೆ ಈ ಬಿಡುವನ್ನು ಒದಗಿಸಿದವರು ಹೆಲಟರು. ಲಕೋನಿಯಾ ಮತ್ತು ಮೆಸ್ಸೀನಿಯಾ ಪ್ರಾಂತಗಳ ಈ ಪರಾಧೀನ ರೈತರು ಹೊಲವನ್ನು ಉತ್ತು ಬಿತ್ತಿ ಬೆಳೆದುದರಲ್ಲಿ ಒಂದು ಪಾಲನ್ನು ಒಡೆಯನಿಗೆ ಸಲ್ಲಿಸಬೇಕಾಗಿದ್ದಿತು. ಪೌರನು ತನ್ನ ಪಾಲಿನಿಂದ ಜವೆಗೋಧಿ, ದ್ರಾಕ್ಷಾರಸ, ಗಿಣ್ಣು, ಅಂಜೂರ ಮುಂತಾದುವನ್ನು ತಿಂಗಳಿಗಿಷ್ಟೆಂದು ಸಹಭೋಜನದ ಮನೆಗೆ ಕೊಡಬೇಕು. ಈ ವಂತಿಗೆಯನ್ನು ಕೊಡಲಾರದವನು ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದನು. ಪೌರನ ಕೈಗೆ ಈಟಿಯನ್ನು ಕೊಟ್ಟಿದ್ದುದು ಹೆಲಟನ ನೇಗಿಲು ಎಂದರೆ ಅತಿಶಯೋಕ್ತಿಯಾಗಲಾರದು.

ಆ ಈಟಿಯು ಅದೇ ಹೆಲಟನ ಕಡೆಗೂ ತಿರುಗಿದ್ದಿತು. ಎಫರರೆಂಬ ಅಧಿಕಾರಿಗಳು ಪ್ರತಿವರ್ಷವೂ ಅಧಿಕಾರ ವಹಿಸಿಕೊಳ್ಳುವಾಗ ಹೆಲಟರ ಮೇಲೆ ಯುದ್ಧವನ್ನು ಘೋಷಿಸುತ್ತಿದ್ದರೆಂದೂ, ಇದರಿಂದ ಹೆಲಟನನ್ನು ಕೊಂದರೆ ಪಾಪ ತಟ್ಟುತ್ತಿರಲಿಲ್ಲವೆಂದೂ ಅರಿಸ್ಟಾಟಲನನ್ನು ಆಧರಿಸಿ ಪ್ಲುಟಾರ್ಕನು ಹೇಳುತ್ತಾನೆ. ಥ್ಯೂಸಿಡಿಡೀಸನು ತಿಳಿಸುವ ಸಂಗತಿ ಇನ್ನೂ ಭೀಕರವಾದುದು. ಯುದ್ಧದಲ್ಲಿ ತಮ್ಮ ಸೇವೆ ಅತ್ಯುತ್ತಮವಾದುದೆಂದು ಭಾವಿಸುವ ಹೆಲಟರು ಮುಂದೆ ಬಂದರೆ ಬಿಡುಗಡೆ ದೊರೆಯುವುದೆಂದು ಸಾರಿ, ಹಾಗೆ ಬಂದ ಸುಮಾರು ೨೦೦೦ ಮಂದಿಗೆ ಹೂಮಾಲೆ ತೊಡಿಸಿ ದೇವಾಲಯಗಳನ್ನು ಸುತ್ತಿಸಿ, ಬಳಿಕ ಅವರನ್ನೆಲ್ಲ ಇಲ್ಲದಂತೆ ಮಾಡಲಾಯಿತು. ಒಬ್ಬೊಬ್ಬನು ಹೇಗೆ ಸತ್ತನೆಂದು ಯಾರಿಗೂ ತಿಳಿಯಲಿಲ್ಲ. ಸ್ಪಾರ್ಟಾದ ಶಿಸ್ತನ್ನು ತರಗತಿಯಲ್ಲಿ ಹೊಗಳುವಾಗ ಈ ಪುಟವನ್ನೂ ಜೊತೆಯಲ್ಲಿ ಓದಿಸುವುದು ಅಧ್ಯಾಪಕರ ಕರ್ತವ್ಯವೆಂದು ನಾವು ಭಾವಿಸುತ್ತೇವೆ.

ಪೌರರ ಸಂಖ್ಯೆಯಾದರೋ ಪೀಳಿಗೆಯಿಂದ ಪೀಳಿಗೆಗೆ ಕುಗ್ಗುತ್ತ ಹೋಯಿತು. ಕ್ರಿ. ಪೂ. ೪೮೦ರಲ್ಲಿ ಸ್ಪಾರ್ಟಾದಲ್ಲಿ ಸುಮಾರು ೮೦೦೦ ಗಂಡಸರಿದ್ದರೆಂದು ಹೆರೊಡೋಟಸನು ಹೇಳುತ್ತಾನೆ. ಮರುವರ್ಷ ಪ್ಲಟೀಯ ಯುದ್ಧಕ್ಕೆ ಹೊರಟ ಪೌರರು ೫೦೦೦; ಒಬ್ಬೊಬ್ಬ ಪೌರನಿಗೆ ೭ ಮಂದಿಯಂತೆ ಹೆಲಟರು ೩೫,೦೦೦. ಇವರೊಡನೆ ಪೆರಿಯೋಕರೆಂಬ ಸುತ್ತಲ ಊರುಗಳ ಸ್ವತಂತ್ರ ನಿವಾಸಿಗಳೂ ೫೦೦೦ ಮಂದಿ ಇದ್ದರು. ಕ್ರಿ. ಪೂ. ೪೨೫ರಲ್ಲಿ ಸ್ಫಾಕ್ಟೀರಿಯಾ ದ್ವೀಪದಲ್ಲಿ ೨೯೨ ಮಂದಿ ಅಥೆನ್ಸಿನವರಿಗೆ ಸೆರೆಸಿಕ್ಕಿದರು. ಅವರಲ್ಲಿ ಪೂರ್ಣ ಪೌರರು ಸುಮಾರು ೧೨೦ ಮಾತ್ರ. ಆದರೂ ಅಷ್ಟು ಜನರನ್ನು ಬಿಡಿಸಿಕೊಳ್ಳುವುದಕ್ಕಾಗಿ ಸ್ಪಾರ್ಟಾ ಮತ್ತೆ ಮತ್ತೆ ಸಂಧಿಯನ್ನು ಬೇಡಿತು. ಕ್ರಿ. ಪೂ. ೩೭೧ರ ಲ್ಯೂಕ್ಟ್ರಾ ಯುದ್ಧದ ವೇಳೆಗೆ ರಣರಂಗದಲ್ಲಿದ್ದ ಪೌರರು ಸುಮಾರು ೭೦೦. ಅವರಲ್ಲಿ ೪೦೦ ಮಂದಿ, ಅರಸನಾದ ಕ್ಲಿಯೊಂಬ್ರೋಟಸನೂ ಸೇರಿ, ಅಂದೇ ಮಡಿದರು.

ಈ ಕ್ಷಯಕ್ಕೆ ಯುದ್ಧಗಳೊಂದೇ ಕಾರಣವಲ್ಲ. ಜಮೀನು ಮದುವೆಯ ಮೂಲಕವೂ ದಾಯಭಾಗದ ಮೂಲಕವೂ ಕೆಲವೇ ಮನೆತನಗಳಲ್ಲಿ ಸೇರುತ್ತ ಬಂದಿತು. ವಂತಿಗೆ ಕೊಡಲಾರದ ಉಳಿದ ಮನೆತನಗಳು ಪೌರವರ್ಗದಿಂದ ಉದುರಿಹೋದುವು. ಸ್ಪಾರ್ಟಾದ ಆಸ್ತಿಪಾಸ್ತಿಗಳು ಸಮಾನವಾಗಿ ಹಂಚಿಕೆಯಾಗಿದ್ದುವೆಂಬ ಹಳೆಯ ನಂಬಿಕೆಯನ್ನು ಸ್ಟೀಫನ್ ಹಾಡ್‌ಕಿನ್‌ಸನ್ ೨೦೦೦ದಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ವಿಸ್ತಾರವಾಗಿ ಖಂಡಿಸಿದ್ದಾರೆ. ದೇಶವು ೧,೫೦೦ ಅಶ್ವಾರೋಹಿಗಳನ್ನೂ ೩೦,೦೦೦ ಹೊಪ್ಲೈಟರನ್ನೂ ಪೋಷಿಸಬಲ್ಲುದಾಗಿದ್ದರೂ ಪೌರರು ೧೦೦೦ಕ್ಕೂ ಕಡಮೆಯಾದರು, ಒಂದೇ ಪೆಟ್ಟನ್ನು ತಾಳಲಾರದೆ ನಗರವು ಜನಾಭಾವದಿಂದ ಹಾಳಾಯಿತು ಎಂದು ಅರಿಸ್ಟಾಟಲನು ತೀರ್ಮಾನಿಸಿದ್ದಾನೆ.

ಇಲ್ಲಿ ಒಂದು ಸಂಗತಿ ವಿಶೇಷವಾಗಿ ಮನನೀಯ. ರಣರಂಗದಿಂದ ಓಡಿಬಂದವನಿಗೆ ಸ್ಪಾರ್ಟಾದಲ್ಲಿ ಬದುಕೇ ಇರಲಿಲ್ಲ. ಅವನು ಹೋದೆಡೆಯೆಲ್ಲ ಅಪಮಾನವನ್ನು ಅನುಭವಿಸಬೇಕಾಗಿದ್ದಿತು. ಆದರೆ ಲ್ಯೂಕ್ಟ್ರಾದ ಅನಂತರ ಹಾಗೆ ಹಿಂದಿರುಗಿದವರ ಸಂಖ್ಯೆಯನ್ನು ನೋಡಿ ಅಜೆಸಿಲಾಸನು, ಕಾನೂನುಗಳು ಆ ಒಂದು ದಿನ ನಿದ್ರಿಸಲಿ ಎಂದು ಅಪ್ಪಣೆಮಾಡಿದನೆಂದು ಪ್ಲುಟಾರ್ಕನು ಹೇಳುತ್ತಾನೆ. ಶಿಕ್ಷಿಸಿದರೆ ಉಳಿಯುವ ಪೌರರೇ ಇಲ್ಲವಾಗುವಂತಹ ಸ್ಥಿತಿ ಬಂದಾಗ, ಶಿಸ್ತಿನ ನಗರವೇ ಶಿಸ್ತನ್ನು ಸಡಿಲಿಸಬೇಕಾಯಿತು.

೪. ಅಥೆನ್ಸ್: ನೆಲದ ಮೇಲೆ

ಅಥೆನ್ಸಿನ ಭೂಸೈನ್ಯದ ಬಲವು ಸಂಖ್ಯೆಯಲ್ಲಿದ್ದಿತು. ಕ್ರಿ. ಪೂ. ೪೩೧ರಲ್ಲಿ ಪೆರಿಕ್ಲೀಸನು ಕೊಟ್ಟನೆಂದು ಥ್ಯೂಸಿಡಿಡೀಸನು ಹೇಳುವ ಲೆಕ್ಕದ ಪ್ರಕಾರ, ದಂಡೆತ್ತಿ ಹೋಗಬಲ್ಲ ಹೊಪ್ಲೈಟರು ೧೩,೦೦೦. ಕೋಟೆಗೋಡೆಗಳ ಕಾವಲಿಗೆ ವೃದ್ಧರು, ಎಳೆಯರು ಮತ್ತು ಮೆಟಿಕರೆಂಬ ನೆಲಸಿದ ಪರದೇಶೀಯರು ಸೇರಿ ೧೬,೦೦೦. ಕುದುರೆಯ ಬಿಲ್ಲಾಳುಗಳನ್ನೂ ಸೇರಿಸಿ ಅಶ್ವದಳ ೧,೨೦೦. ಕಾಲಾಳು ಬಿಲ್ಲುಗಾರರು ೧,೬೦೦.

ಇಷ್ಟು ದೊಡ್ಡ ಸೈನ್ಯಕ್ಕೆ ರಾಜ್ಯದಿಂದ ಕ್ರಮವಾದ ಶಿಕ್ಷಣವೇ ಇರಲಿಲ್ಲ. ಸಾಕ್ರಟೀಸನು ಎಪಿಜಿನೀಸ್ ಎಂಬ ಯುವಕನಿಗೆ ಬುದ್ಧಿ ಹೇಳುವಾಗ, ನಗರವು ಯುದ್ಧಾಭ್ಯಾಸವನ್ನು ಸಾರ್ವಜನಿಕವಾಗಿ ಏರ್ಪಡಿಸಿಲ್ಲದಿರುವುದೇ ಸ್ವಂತವಾಗಿ ಅಂಗಸಾಧನೆ ಮಾಡುವುದಕ್ಕೆ ಕಾರಣವಾಗಬೇಕೆಂದು ಹೇಳಿದುದನ್ನು ಕ್ಸೆನೊಫನನು ದಾಖಲೆಮಾಡಿದ್ದಾನೆ. ಹಣವಿದ್ದವರು ಖಾಸಗಿ ಗುರುಗಳಿಂದ ಗುರಾಣಿ ಈಟಿಗಳ ವರಸೆಯನ್ನು ಕಲಿಯುತ್ತಿದ್ದರು. ಈ ವಿದ್ಯೆಯಿಂದ ಪ್ರಯೋಜನವುಂಟೆ ಎಂಬುದರ ಚರ್ಚೆಯೊಡನೆಯೇ ಪ್ಲೇಟೋವಿನ ಲ್ಯಾಖೀಸ್ ಸಂವಾದ ಪ್ರಾರಂಭವಾಗುತ್ತದೆ. ಅದರಲ್ಲಿ ನಿಕಿಯಾಸನು ವಿದ್ಯೆಯ ಪರವಾಗಿ ವಾದಿಸಿದರೆ, ಸೇನಾನಿಯಾದ ಲ್ಯಾಖೀಸನು ಈ ಗುರುಗಳು ಯುದ್ಧವೇ ವೃತ್ತಿಯಾದ ಸ್ಪಾರ್ಟಾದ ಕಡೆಗೆ ಮಾತ್ರ ಸುಳಿಯುವುದಿಲ್ಲವೆಂದು ಗೇಲಿಮಾಡುತ್ತಾನೆ.

ಈ ಅಭಾವದ ಫಲವನ್ನು ಕ್ರಿ. ಪೂ. ೪೨೪ರ ಡೀಲಿಯಮ್ ಯುದ್ಧದಲ್ಲಿ ಕಾಣಬಹುದು. ಎದುರಿನ ಥೀಬ್ಸಿನವರು ೨೫ ಸಾಲುಗಳ ಆಳಕ್ಕೆ ನಿಂತಿದ್ದರು, ಅಥೆನ್ಸಿನವರು ೮ ಸಾಲುಗಳ ಆಳಕ್ಕೆ. ಅಥೆನ್ಸಿನ ಬಲಪಾರ್ಶ್ವವು ಶತ್ರುಗಳನ್ನು ಸುತ್ತುವರಿಯುವ ಗೊಂದಲದಲ್ಲಿ ತಮ್ಮವರನ್ನೇ ಗುರುತಿಸಲಾರದೆ ಕೊಂದಿತು. ಕೊನೆಗೆ ಗುಡ್ಡದ ಮರೆಯಿಂದ ಬಂದ ಶತ್ರುಗಳ ಅಶ್ವದಳವನ್ನು ಬೇರೊಂದು ಸೈನ್ಯವೆಂದು ಭಾವಿಸಿ ಅಥೆನ್ಸಿನವರು ಓಡಿದರು. ಅಂದು ಅವರ ಕಡೆ ಸುಮಾರು ೧೦೦೦ ಹೊಪ್ಲೈಟರು ಮಡಿದರು.

೫. ಅಥೆನ್ಸ್: ನೀರಿನ ಮೇಲೆ

ಇಷ್ಟರಿಂದಲೇ ಅಥೆನ್ಸಿನವರು ಶಿಕ್ಷಣವನ್ನು ಕಡೆಗಣಿಸಿದವರೆಂದು ತೀರ್ಮಾನಿಸುವುದು ಸರಿಯಲ್ಲ. ನೆಲದ ಮೇಲಣ ನಿರಾಯಾಸ ಶೌರ್ಯವನ್ನು ಕೊಂಡಾಡಿದ ಪೆರಿಕ್ಲೀಸನೇ, ಯುದ್ಧಕ್ಕೆ ಮುಂಚೆ ಮಾಡಿದ ಇನ್ನೊಂದು ಭಾಷಣದಲ್ಲಿ, ನೌಕಾವಿದ್ಯೆ ಇತರ ಕುಶಲಕಲೆಗಳಂತೆಯೇ ಒಂದು ಕಲೆ, ಬಿಡುವಾದಾಗ ಉಪವೃತ್ತಿಯಾಗಿ ಕಲಿಯತಕ್ಕದ್ದಲ್ಲ, ಅದಕ್ಕೆ ಬೇರಾವ ಉಪವೃತ್ತಿಯನ್ನೂ ಸೇರಿಸಲಾಗದು ಎಂದಿದ್ದಾನೆ. ಎರಡು ಭಾಷಣಗಳನ್ನೂ ಒಟ್ಟಿಗೆ ಓದಿದರೆ ಅಥೆನ್ಸಿನ ಯೋಚನೆ ಸ್ಪಷ್ಟವಾಗುತ್ತದೆ. ಸ್ಪಾರ್ಟಾ ನೆಲದ ಮೇಲೆ ಏನಾಗಿದ್ದಿತೋ ಅಥೆನ್ಸ್ ನೀರಿನ ಮೇಲೆ ಅದೇ ಆಗಿದ್ದಿತು.

ಈ ನೌಕಾಬಲಕ್ಕೆ ಅಡಿಗಲ್ಲನ್ನು ಇಟ್ಟವನು ಥೆಮಿಸ್ಟೋಕ್ಲೀಸ್. ಕ್ರಿ. ಪೂ. ೪೮೩ರ ಸುಮಾರಿಗೆ ಲಾರಿಯಮ್ ಗಣಿಗಳಲ್ಲಿ ಬೆಳ್ಳಿ ಹೇರಳವಾಗಿ ದೊರೆತಾಗ ಅದನ್ನು ಪೌರರಿಗೆ ಹಂಚದೆ ಯುದ್ಧನೌಕೆಗಳಿಗೆ ವಿನಿಯೋಗಿಸುವಂತೆ ಅವನು ಜನರನ್ನು ಒಪ್ಪಿಸಿದನು. ಮೂರು ವರ್ಷಗಳಲ್ಲಿ, ಈಸ್ಕಿಲಸನ ನಾಟಕದಿಂದಲೂ ಅದನ್ನು ಕನ್ನಡಕ್ಕೆ ತಂದ ಬಿ. ಎಂ. ಶ್ರೀಕಂಠಯ್ಯನವರ 'ಪಾರಸಿಕರು' ಕೃತಿಯಿಂದಲೂ ನಮ್ಮ ಓದುಗರಿಗೆ ಪರಿಚಿತವಾಗಿರುವ ಸಲಾಮಿಸ್ ಯುದ್ಧದಲ್ಲಿ ಆ ನೌಕೆಗಳೇ ಗ್ರೀಸನ್ನು ಉಳಿಸಿದುವು.

ಟ್ರೈರೀಮ್ ಎಂಬ ಈ ನೌಕೆಯಲ್ಲಿ ಸುಮಾರು ೨೦೦ ಮಂದಿ ಇರುತ್ತಿದ್ದರು. ಅವರಲ್ಲಿ ಹುಟ್ಟು ಹಾಕುವವರು ೧೭೦: ಮೇಲಿನ ಸಾಲಿನಲ್ಲಿ ೬೨, ನಡುವಿನ ಸಾಲಿನಲ್ಲಿ ೫೪, ಕೆಳಗಿನ ಸಾಲಿನಲ್ಲಿ ೫೪. ಮೂರು ಸಾಲುಗಳ ಹುಟ್ಟುಗಳು ಒಂದಕ್ಕೊಂದು ತಾಗದೆ ಒಂದೇ ಲಯದಲ್ಲಿ ಏಳಬೇಕು, ಬೀಳಬೇಕು. ೧೯೮೭ರಲ್ಲಿ ಗ್ರೀಸಿನಲ್ಲಿ ಇಂತಹ ನೌಕೆಯೊಂದನ್ನು ಪುನರ್ನಿರ್ಮಿಸಿ ಸಮುದ್ರದಲ್ಲಿ ನಡೆಸಿ ನೋಡಿದಾಗ, ಈ ಸಾಮರಸ್ಯಕ್ಕೆ ಎಷ್ಟು ಅಭ್ಯಾಸ ಬೇಕೆಂಬುದು ಪ್ರತ್ಯಕ್ಷವಾಯಿತು. ಪೆರಿಕ್ಲೀಸನ ಕಾಲದಲ್ಲಿ ಪ್ರತಿವರ್ಷವೂ ೬೦ ನೌಕೆಗಳು ೮ ತಿಂಗಳ ಕಾಲ ಸಂಚರಿಸುತ್ತಿದ್ದು, ಅನೇಕ ಪೌರರು ಸಂಬಳ ಪಡೆಯುತ್ತಲೇ ನೌಕಾವಿದ್ಯೆಯನ್ನು ಕಲಿಯುತ್ತಿದ್ದರೆಂದು ಪ್ಲುಟಾರ್ಕನು ತಿಳಿಸುತ್ತಾನೆ. ಕ್ರಿ. ಪೂ. ೪೨೯ರಲ್ಲಿ ಫಾರ್ಮಿಯೊ ಎಂಬ ಸೇನಾನಿ ಕೇವಲ ೨೦ ನೌಕೆಗಳಿಂದ ಶತ್ರುಗಳ ೪೭ ನೌಕೆಗಳನ್ನು ಎದುರಿಸಿದನು. ಅವರು ವೃತ್ತಾಕಾರವಾಗಿ ನಿಂತಾಗ ಅವನು ಸುತ್ತಲೂ ತಿರುಗುತ್ತ, ಕೊಲ್ಲಿಯ ಕಡೆಯಿಂದ ಪ್ರಾತಃಕಾಲದ ಗಾಳಿ ಏಳುವವರೆಗೆ ಕಾದನು. ಗಾಳಿಗೆ ಅವರ ನೌಕೆಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಮೇಲೆ ಬಿದ್ದು ೧೨ ನೌಕೆಗಳನ್ನು ಹಿಡಿದನು. ಗಾಳಿಯ ಗತಿಯನ್ನೂ ತನ್ನ ಹುಟ್ಟುಗಾರರ ಕೈಯನ್ನೂ ಚೆನ್ನಾಗಿ ಅರಿತವನಿಗೆ ಮಾತ್ರ ಇದು ಸಾಧ್ಯ.

ಈ ವಿದ್ಯೆಯನ್ನು ಕಲಿತವರು ಮುಖ್ಯವಾಗಿ ಹೊಪ್ಲೈಟರ ಸಾಲಿನ ಹೊರಗೆ ಉಳಿದಿದ್ದ ಥೀಟ್ ವರ್ಗದ ಬಡ ಪೌರರು. ಹುಟ್ಟಿಗೆ ಆಸ್ತಿ ಬೇಡ, ತೋಳು ಸಾಕು. ಪ್ರಜಾಪ್ರಭುತ್ವವನ್ನು ದ್ವೇಷಿಸುತ್ತಿದ್ದ ಒಬ್ಬ ಅಜ್ಞಾತ ಲೇಖಕನು ಕೂಡ, ನೌಕೆಗಳನ್ನು ನಡೆಸಿ ನಗರಕ್ಕೆ ಬಲವನ್ನು ತರುವವರು ಬಡಜನರೇ ಆದುದರಿಂದ ಅವರಿಗೆ ಅಧಿಕಾರದಲ್ಲಿ ಹೆಚ್ಚಿನ ಪಾಲು ದೊರೆಯುವುದು ನ್ಯಾಯವೆಂದು ಒಪ್ಪಿಕೊಳ್ಳಬೇಕಾಯಿತು.

ಆದರೆ ಅಥೆನ್ಸಿನ ಬಾಗಿಲೂ ಪೂರ್ತಿ ತೆರೆದಿರಲಿಲ್ಲ. ೩೦೦ ನೌಕೆಗಳಿಗೆ ೬೦,೦೦೦ ಜನ ಬೇಕು. ಪೌರರಿಂದ ಅಷ್ಟನ್ನು ತುಂಬಲು ಸಾಧ್ಯವಿರಲಿಲ್ಲ. ಮೆಟಿಕರೂ ದ್ವೀಪಗಳಿಂದ ಬಂದ ಕೂಲಿಯವರೂ ಗುಲಾಮರೂ ಹುಟ್ಟು ಹಾಕಿದರು. ಆದರೆ ಕ್ರಿ. ಪೂ. ೪೫೧ರಲ್ಲಿ ಪೆರಿಕ್ಲೀಸನೇ ತಂದ ಕಾನೂನು, ತಂದೆ ತಾಯಿ ಇಬ್ಬರೂ ಅಥೆನ್ಸಿನವರಾದ ಹೊರತು ಪೌರತ್ವವಿಲ್ಲವೆಂದು ವಿಧಿಸಿದ್ದಿತು. ನೌಕೆಗಳಿಗೆ ಹಣ ಒದಗಿಸಿದ ಲಾರಿಯಮ್ ಗಣಿಗಳಲ್ಲಿ ದುಡಿದವರು ಗುಲಾಮರು. ನಿಕಿಯಾಸನೊಬ್ಬನೇ ೧೦೦೦ ಗುಲಾಮರನ್ನು ಗಣಿಗಳಿಗೆ ಬಾಡಿಗೆಗೆ ಕೊಟ್ಟಿದ್ದನೆಂದು ಕ್ಸೆನೊಫನನು ಹೇಳುತ್ತಾನೆ. ಕ್ರಿ. ಪೂ. ೪೦೬ರ ಆರ್ಜಿನೂಸೆ ಯುದ್ಧಕ್ಕೆ ಮುನ್ನ, ವಿನಾಶವು ಎದುರಿಗೆ ನಿಂತಾಗ ಮಾತ್ರ, ಅಥೆನ್ಸಿನವರು ಸ್ವತಂತ್ರರನ್ನೂ ಗುಲಾಮರನ್ನೂ ಒಟ್ಟಿಗೆ ೧೧೦ ನೌಕೆಗಳಲ್ಲಿ ಕೂರಿಸಿದರು. ಹಾಗೆ ದುಡಿದ ಗುಲಾಮರಿಗೆ ಬಿಡುಗಡೆ ದೊರೆಯಿತು. ಸ್ಪಾರ್ಟಾ ಕೂಡ ಕ್ರಿ. ಪೂ. ೪೨೪ರಲ್ಲಿ ಬ್ರಾಸಿಡಾಸನೊಡನೆ ೭೦೦ ಹೆಲಟರನ್ನು ಹೊಪ್ಲೈಟರನ್ನಾಗಿ ಕಳುಹಿಸಿ, ಹಿಂದಿರುಗಿದ ಮೇಲೆ ಬಿಡುಗಡೆ ಮಾಡಿತು. ಆದರೆ ಪೂರ್ಣ ಪೌರತ್ವವನ್ನು ಕೊಡಲಿಲ್ಲ.

೬. ಆಯ್ದ ದಳಗಳು: ಆರ್ಗೋಸ್ ಮತ್ತು ಥೀಬ್ಸ್

ಎಲ್ಲ ಪೌರರಿಗೂ ಬಿಡುವನ್ನು ಒದಗಿಸಲಾರದ ನಗರಗಳು ಮೂರನೆಯ ಮಾರ್ಗವೊಂದನ್ನು ಕಂಡುಕೊಂಡುವು: ಕೆಲವರನ್ನು ಮಾತ್ರ ಆರಿಸಿ, ರಾಜ್ಯದ ಖರ್ಚಿನಿಂದ ಶಿಕ್ಷಣ ಕೊಡುವುದು. ಆರ್ಗೋಸ್ ನಗರವು ಹೀಗೆ ೧೦೦೦ ಮಂದಿಯನ್ನು ಬಹುಕಾಲ ಅಭ್ಯಾಸಗೊಳಿಸಿದ್ದಿತು. ಮ್ಯಾಂಟಿನೀಯದಲ್ಲಿ ಅವರು ಚೆನ್ನಾಗಿಯೇ ಕಾದಿದರು. ಆದರೆ ಯುದ್ಧವಾದ ಮೇಲೆ ಅವರು ಸ್ಪಾರ್ಟಾದವರೊಡನೆ ಸೇರಿ ತಮ್ಮ ನಗರದ ಪ್ರಜಾಪ್ರಭುತ್ವವನ್ನೇ ಉರುಳಿಸಿದರು. ಮರುವರ್ಷವೇ ಜನರು ಎದ್ದು ಅದನ್ನು ಪುನಃ ಸ್ಥಾಪಿಸಿದರೂ, ಆಯುಧವಿದ್ಯೆಯು ಕೆಲವರ ಸೊತ್ತಾದಾಗ ಅದರ ಮೊನೆ ಎತ್ತ ತಿರುಗೀತೆಂಬುದಕ್ಕೆ ಈ ಘಟನೆ ನಿದರ್ಶನವಾಗಿದೆ.

ಥೀಬ್ಸಿನ ಪ್ರಯೋಗವು ಹೆಚ್ಚು ಫಲಕಾರಿಯಾಯಿತು. ಅದರ ಹಿಂದೆ ಬಿಯೋಷಿಯಾ ಸಂಯುಕ್ತದ ಸುವ್ಯವಸ್ಥೆ ಇದ್ದಿತು. ೧೯೦೬ರಲ್ಲಿ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ದೊರೆತ ಪಪೈರಸ್ ಗ್ರಂಥದಿಂದ, ಕ್ರಿ. ಪೂ. ೩೯೫ರ ಸುಮಾರಿನಲ್ಲಿ ಆ ಸಂಯುಕ್ತವು ೧೧ ವಿಭಾಗಗಳನ್ನು ಹೊಂದಿದ್ದು, ಒಂದೊಂದು ವಿಭಾಗವೂ ಸುಮಾರು ೧೦೦೦ ಹೊಪ್ಲೈಟರನ್ನೂ ೧೦೦ ಅಶ್ವಾರೋಹಿಗಳನ್ನೂ ಒದಗಿಸಬೇಕಾಗಿದ್ದಿತೆಂದು ತಿಳಿದುಬಂದಿದೆ. ಕ್ರಿ. ಪೂ. ೩೭೯ರಲ್ಲಿ ಸ್ಪಾರ್ಟಾದ ಕಾವಲುಪಡೆಯನ್ನು ಹೊರದೂಡಿದ ಬಳಿಕ ಗಾರ್ಜಿಡಾಸನು ೩೦೦ ಮಂದಿಯ ಪವಿತ್ರ ದಳವನ್ನು ಕಟ್ಟಿದನು. ಅವರಿಗೆ ನಗರದ ದುರ್ಗದಲ್ಲಿ ವಸತಿ, ರಾಜ್ಯದಿಂದ ಪೋಷಣೆ. ಪೆಲೋಪಿಡಾಸನು ಅವರನ್ನು ಸಾಲುಗಳಲ್ಲಿ ಚದುರಿಸದೆ ಒಂದೇ ದಳವಾಗಿ ಕಾದಿಸಿದನು.

ಉಳಿದ ಥೀಬ್ಸಿನವರಿಗೆ ಯುದ್ಧವೇ ಶಾಲೆಯಾಯಿತು. ಅಜೆಸಿಲಾಸನು ಮತ್ತೆ ಮತ್ತೆ ಬಿಯೋಷಿಯಾದ ಮೇಲೆ ದಂಡೆತ್ತಿ ಹೋಗಿ ಗಾಯಗೊಂಡಾಗ, ಯುದ್ಧವನ್ನು ಅರಿಯದವರಿಗೆ ಯುದ್ಧ ಕಲಿಸಿದುದಕ್ಕೆ ಒಳ್ಳೆಯ ಗುರುದಕ್ಷಿಣೆಯನ್ನೇ ಪಡೆದೆ ಎಂದು ಅಂಟಾಲ್ಸಿಡಾಸನು ಹಂಗಿಸಿದನಂತೆ. ಲ್ಯೂಕ್ಟ್ರಾದಲ್ಲಿ ಎಪಮಿನಾಂಡಸನು ಎಡಪಾರ್ಶ್ವವನ್ನು ೫೦ ಸಾಲುಗಳ ಆಳಕ್ಕೆ ನಿಲ್ಲಿಸಿ, ೧೨ ಸಾಲುಗಳ ಆಳಕ್ಕೆ ನಿಂತಿದ್ದ ಸ್ಪಾರ್ಟಾದ ಪೌರರ ಮೇಲೆಯೇ ನೇರವಾಗಿ ನೂಕಿದನು. ಶತ್ರುವಿನ ಸೈನ್ಯವೆಲ್ಲವನ್ನೂ ಸೋಲಿಸಬೇಕಾಗಿಲ್ಲ, ಆ ಕೆಲವು ನೂರು ಪೌರರನ್ನು ಮುರಿದರೆ ಸಾಕು ಎಂಬುದನ್ನು ಅವನು ಗ್ರಹಿಸಿದ್ದನು. ಮರುವರ್ಷದ ಚಳಿಗಾಲದಲ್ಲಿ ಅವನು ಲಕೋನಿಯಾವನ್ನು ಹೊಕ್ಕು ಮೆಸ್ಸೀನಿಯಾದ ಹೆಲಟರಿಗೆ ಸ್ವತಂತ್ರ ರಾಜ್ಯವನ್ನು ಕಟ್ಟಿಕೊಟ್ಟನು. ಲ್ಯೂಕ್ಟ್ರಾ ಸ್ಪಾರ್ಟಾದ ಯೋಧರನ್ನು ಕೊಂದಿತು. ಮೆಸ್ಸೀನಿಯಾದ ಬಿಡುಗಡೆ ಅವರ ಬಿಡುವನ್ನೇ ಕಿತ್ತುಕೊಂಡಿತು. ಎರಡನೆಯ ಪೆಟ್ಟಿನಿಂದ ಆ ನಗರವು ಮತ್ತೆ ಚೇತರಿಸಿಕೊಳ್ಳಲಿಲ್ಲ.

೭. ತಡವಾಗಿ ಬಂದ ಶಾಲೆ

ಕ್ರಿ. ಪೂ. ೩೩೮ರಲ್ಲಿ ಕೈರೊನೀಯ ಯುದ್ಧದಲ್ಲಿ ಮ್ಯಾಸಿಡೋನಿಯಾದ ಫಿಲಿಪನು ಥೀಬ್ಸ್ ಮತ್ತು ಅಥೆನ್ಸ್ ಎರಡನ್ನೂ ಸೋಲಿಸಿದನು. ಅಥೆನ್ಸಿನವರಲ್ಲಿ ೧೦೦೦ಕ್ಕೂ ಹೆಚ್ಚು ಜನ ಸತ್ತರು, ಸುಮಾರು ೨೦೦೦ ಜನ ಸೆರೆಯಾದರು. ಪವಿತ್ರ ದಳವು ನಿಂತಲ್ಲಿಯೇ ನಾಶವಾಯಿತು. ಕೈರೊನೀಯದ ಕಲ್ಲಿನ ಸಿಂಹದ ಆವರಣವನ್ನು ಅಗೆದಾಗ ೨೫೪ ಅಸ್ಥಿಪಂಜರಗಳು ದೊರೆತುವು. ಅದು ಈ ದಳದ ಸಮಾಧಿಯೆಂದು ಅನೇಕ ವಿದ್ವಾಂಸರ ಅಭಿಮತ.

ಈ ಸೋಲಿನ ತರುವಾಯ, ಕ್ರಿ. ಪೂ. ೩೩೫ರ ಸುಮಾರಿಗೆ, ಅಥೆನ್ಸ್ ತನ್ನ ಯುವಕರಿಗೆ ಎರಡು ವರ್ಷಗಳ ಕ್ರಮಬದ್ಧವಾದ ಶಿಕ್ಷಣವನ್ನು ಏರ್ಪಡಿಸಿತು. ಅದರ ವಿವರಗಳು ೧೮೯೧ರಲ್ಲಿ ಬೆಳಕಿಗೆ ಬಂದ, ಅರಿಸ್ಟಾಟಲನ ಹೆಸರಿನಲ್ಲಿರುವ ಅಥೆನ್ಸಿನ ರಾಜ್ಯಾಂಗವೆಂಬ ಗ್ರಂಥದಲ್ಲಿವೆ. ೧೮ ವರ್ಷ ತುಂಬಿದ ಪೌರಪುತ್ರರು ಎಫೆಬರೆಂಬ ಹೆಸರಿನಿಂದ ದಾಖಲಾಗಿ ಮೊದಲನೆಯ ವರ್ಷ ಪಿರೇಯಸ್ ಬಂದರಿನ ಕಾವಲಿನಲ್ಲಿರುವರು. ಹೊಪ್ಲೈಟ್ ಯುದ್ಧ, ಬಿಲ್ವಿದ್ಯೆ, ಭರ್ಜಿ ಎಸೆತ, ಕಲ್ಲೆಸೆಯುವ ಯಂತ್ರದ ಪ್ರಯೋಗ ಇವನ್ನು ಗೊತ್ತಾದ ಗುರುಗಳಿಂದ ಕಲಿಯುವರು. ವರ್ಷದ ಕೊನೆಗೆ ರಂಗಮಂದಿರದಲ್ಲಿ ಜನರ ಮುಂದೆ ಕವಾಯತನ್ನು ತೋರಿಸಿ, ರಾಜ್ಯದಿಂದಲೇ ಗುರಾಣಿಯನ್ನೂ ಈಟಿಯನ್ನೂ ಪಡೆಯುವರು. ಎರಡನೆಯ ವರ್ಷ ಗಡಿಯ ಠಾಣ್ಯಗಳಲ್ಲಿ ಗಸ್ತು ತಿರುಗುವರು. ಒಬ್ಬೊಬ್ಬನಿಗೆ ದಿನಕ್ಕೆ ೪ ಓಬಲ್ ಭತ್ಯೆ.

ಇದರ ಮಹತ್ತ್ವ ಸಾಮಾನ್ಯವಾದುದಲ್ಲ. ಆಯುಧ ಮತ್ತು ಆಹಾರ ಎರಡನ್ನೂ ರಾಜ್ಯವೇ ಕೊಟ್ಟಿತು. ಎಂದರೆ ಸ್ಪಾರ್ಟಾದಲ್ಲಿ ಹೆಲಟನು ಒದಗಿಸುತ್ತಿದ್ದ ಬಿಡುವನ್ನು ಇಲ್ಲಿ ಬೊಕ್ಕಸವು ಒದಗಿಸಿತು. ಆದರೆ ಕಾಲ ಮಿಂಚಿದ್ದಿತು. ಕ್ರಿ. ಪೂ. ೩೨೨ರಲ್ಲಿ ಅಥೆನ್ಸಿನ ನೌಕಾಬಲ ಸೋತು, ಮ್ಯಾಸಿಡೋನಿಯಾದ ಆಂಟಿಪೇಟರನು ೨೦೦೦ ದ್ರಾಖ್ಮಗಳ ಆಸ್ತಿಯಿಲ್ಲದವರಿಗೆ ಪೌರತ್ವದ ಹಕ್ಕುಗಳನ್ನು ನಿರಾಕರಿಸಿದನು. ಹುಟ್ಟು ಹಾಕಿ ನಗರವನ್ನು ಕಟ್ಟಿದ್ದ ವರ್ಗವೇ ನಗರದ ಹೊರಗಾಯಿತು. ಎಫೆಬರ ಸಂಸ್ಥೆ ಕ್ರಮೇಣ ಕೆಲವರು ಸಿರಿವಂತ ಯುವಕರ ವಿದ್ಯಾಶಾಲೆಯಾಗಿ ಉಳಿಯಿತು, ಕ್ರಿ. ಪೂ. ಎರಡನೆಯ ಶತಮಾನದ ಕೊನೆಯ ವೇಳೆಗೆ ಪರದೇಶೀಯ ಯುವಕರೂ ಅದನ್ನು ಸೇರುತ್ತಿದ್ದರು.

೮. ಉಪಸಂಹಾರ

ಮೇಲಿನ ಹೋಲಿಕೆಯಿಂದ ಕೆಲವು ಅಂಶಗಳು ಸಿದ್ಧವಾಗುತ್ತವೆ. ಮೊದಲನೆಯದಾಗಿ, ಶಿಕ್ಷಣಪ್ರಿಯರಾದ ಸ್ಪಾರ್ಟಾದವರು, ಶಿಕ್ಷಣವಿಮುಖರಾದ ಅಥೆನ್ಸಿನವರು ಎಂಬ ವಿಂಗಡಣೆ ನಿಲ್ಲುವುದಿಲ್ಲ. ತನ್ನ ಬಲಕ್ಕೆ ಆಧಾರವಾದ ವಿದ್ಯೆಯನ್ನು ಪ್ರತಿಯೊಂದು ನಗರವೂ ಶ್ರದ್ಧೆಯಿಂದ ಕಲಿಸಿತು. ಎರಡನೆಯದಾಗಿ, ಈ ಶಿಕ್ಷಣವು ಎಲ್ಲಿಯೂ ಪುಕ್ಕಟೆಯಾಗಿರಲಿಲ್ಲ. ಹೆಲಟನ ಹೊಲ, ಲಾರಿಯಮ್ ಗಣಿಯ ಗುಲಾಮ, ಸಾಮಂತ ದ್ವೀಪಗಳ ಕಪ್ಪ ಇವು ಅದರ ಬೆಲೆಯನ್ನು ತೆತ್ತುವು. ಮೂರನೆಯದಾಗಿ, ಉತ್ತಮವಾದ ಶಿಕ್ಷಣವೂ ಕುಗ್ಗುತ್ತಿರುವ ಪೌರವರ್ಗವನ್ನು ಉಳಿಸಲಾರದು. ತನ್ನೊಡನೆ ಕಾದಿದವನನ್ನು ತನ್ನವನೆಂದು ಒಪ್ಪಿಕೊಳ್ಳದ ನಗರವು, ಕಾದುವವರೇ ಇಲ್ಲದ ದಿನವನ್ನು ತಾನೇ ಬರಮಾಡಿಕೊಳ್ಳುತ್ತದೆ.

ಹೀಗಾಗಿ, ಯಾವ ನಗರದ ಸೈನ್ಯ ಶ್ರೇಷ್ಠವಾಗಿದ್ದಿತು ಎಂದು ಮಾತ್ರ ಕೇಳುವ ವಿದ್ಯಾರ್ಥಿಗೆ ಗ್ರೀಕ್ ಚರಿತ್ರೆ ಅರ್ಧ ಉತ್ತರವನ್ನಷ್ಟೇ ಕೊಡುತ್ತದೆ. ಪ್ಲಟೀಯದಲ್ಲಿ ೫೦೦೦ ಪೌರರ ಬೆನ್ನಿಗೆ ನಿಂತಿದ್ದ ೩೫,೦೦೦ ಹೆಲಟರು ಏನಾದರು ಎಂಬುದನ್ನೂ ಅವನು ಕೇಳಬೇಕು. ಲ್ಯೂಕ್ಟ್ರಾದಲ್ಲಿ ಸ್ಪಾರ್ಟಾ ಏಕೆ ಸೋತಿತೆಂಬುದಕ್ಕೆ ಎಪಮಿನಾಂಡಸನ ೫೦ ಸಾಲುಗಳು ಎಷ್ಟು ಮಟ್ಟಿಗೆ ಉತ್ತರವೋ, ಆ ಪ್ರಶ್ನೆಯೂ ಅಷ್ಟೇ ಮಟ್ಟಿಗೆ ಉತ್ತರದ ಕಡೆಗೆ ಒಯ್ಯುತ್ತದೆ.